ಮೊದಲು ಕರ್ನಲ್, ಆಮೇಲೆ ವರ್ಲ್ಡ್

ಅಪ್‌ಗ್ರೇಡ್ ಮುಗಿದ ಮೇಲೆ ಫ್ರೀಬಿಎಸ್‌ಡಿಯ ಇಟಿಸಿ ಡೈರೆಕ್ಟರಿಯ ಫೈಲುಗಳನ್ನು ಹೊಂದಿಸಲು ಮರ್ಜ್‌ಮಾಸ್ಟರ್ ಒಳ್ಳೆಯದೋ ಇಟಿಸಿಅಪ್‌ಡೇಟ್ ಒಳ್ಳೆಯದೋ ಎಂಬುದು ಈ ವಾರದ ವಿಷಯವಾಗಬೇಕಿತ್ತು. ಬರೆಯಲು ಕೂತರೆ ಅದು ನಾಲ್ಕು ಸಾಲಿಗೆ ಮುಗಿಯುವ ಮಾತು. ಇಟಿಸಿಅಪ್‌ಡೇಟ್ ಹಳೆಯ ಆವೃತ್ತಿಯ ಫೈಲು, ಹೊಸ ಆವೃತ್ತಿಯ ಫೈಲು, ನಾವು ತಿದ್ದಿಕೊಂಡ ಫೈಲು ಮೂರನ್ನೂ ಒಟ್ಟಿಗೆ ಇಟ್ಟು ನೋಡುತ್ತದೆ; ಮರ್ಜ್‌ಮಾಸ್ಟರ್ ಹೊಸದನ್ನೂ ನಮ್ಮದನ್ನೂ ಮಾತ್ರ ಎದುರುಬದುರು ಇಡುತ್ತದೆ. ಯಾವ ಬದಲಾವಣೆ ನಮ್ಮದು, ಯಾವುದು ಅವರದು ಎಂದು ತಿಳಿಯಬೇಕಾದರೆ ಮೂರೂ ಬೇಕು. ಗೆಲುವು ಇಟಿಸಿಅಪ್‌ಡೇಟಿನದು, ಚರ್ಚೆ ಮುಗಿಯಿತು. ಹೆಚ್ಚು ಹೊತ್ತು ಕೊಡಬೇಕಾದ ವಿಷಯ ಬೇರೆ ಇದೆ. ಫ್ರೀಬಿಎಸ್‌ಡಿ 15.0ರಿಂದ ಬೇಸ್ ಸಿಸ್ಟಮ್ಮನ್ನೇ ಪ್ಯಾಕೇಜುಗಳಾಗಿ ಹಾಕಿಕೊಳ್ಳಬಹುದು. ಅದರ ಬೆನ್ನಿಗೇ ಒಂದು ವಾದ ಬಲವಾಗುತ್ತಿದೆ: ಸೋರ್ಸಿನಿಂದ ಅಪ್‌ಗ್ರೇಡ್ ಮಾಡುವ ಕಾಲ ಮುಗಿಯಿತು, ಆದ್ದರಿಂದ ಅದರ ಕಟ್ಟುಪಾಡುಗಳನ್ನೂ ಮರೆಯಬಹುದು. ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಕಂಪೈಲ್ ಮಾಡಲು ಸಮಯವಿಲ್ಲದವರು ಮಾಡಬೇಕಿಲ್ಲ. ಆದರೆ ಎರಡನೆಯ ಅರ್ಧ ತಪ್ಪು. ಆ ಕಟ್ಟುಪಾಡುಗಳು ಕಂಪೈಲರಿಗೆ ಸೇರಿದವಲ್ಲ. ಓಡುತ್ತಿರುವ ಸಿಸ್ಟಮ್ಮನ್ನು ನಿಂತ ಜಾಗದಲ್ಲೇ ಬದಲಾಯಿಸುವ ಯಾವ ವಿಧಾನಕ್ಕೂ ಅವು ಬೇಕು. ಸೋರ್ಸಿನ ದಾರಿಯಲ್ಲಿ ಅವು ಕಣ್ಣಿಗೆ ಕಾಣುತ್ತವೆ, ಉಳಿದ ದಾರಿಗಳಲ್ಲಿ ಮರೆಯಲ್ಲಿರುತ್ತವೆ, ಅಷ್ಟೇ.

ಕ್ರಮ ಎಲ್ಲರಿಗೂ ಬಾಯಿಪಾಠ. ಬಿಲ್ಡ್‌ವರ್ಲ್ಡ್, ಬಿಲ್ಡ್‌ಕರ್ನಲ್, ಇನ್‌ಸ್ಟಾಲ್‌ಕರ್ನಲ್, ರೀಬೂಟ್, ಸಿಂಗಲ್ ಯೂಸರ್ ಮೋಡಿನಲ್ಲಿ ಇನ್‌ಸ್ಟಾಲ್‌ವರ್ಲ್ಡ್, ಆಮೇಲೆ ಫೈಲುಗಳ ವಿಲೀನ, ಹಳೆಯದರ ವಿಲೇವಾರಿ. ಬಾಯಿಪಾಠವಾದದ್ದರಿಂದಲೇ ಇದರೊಳಗಿನ ತಿರುವನ್ನು ಹೆಚ್ಚಿನವರು ಗಮನಿಸುವುದಿಲ್ಲ. ವರ್ಲ್ಡ್ ಎಂದರೆ ಕರ್ನಲ್ ಬಿಟ್ಟು ಬೇಸ್ ಸಿಸ್ಟಮ್ಮಿನ ಉಳಿದದ್ದೆಲ್ಲ. ಕಟ್ಟುವಾಗ ವರ್ಲ್ಡ್ ಮೊದಲು, ಕರ್ನಲ್ ಆಮೇಲೆ. ಹಾಕುವಾಗ ಕರ್ನಲ್ ಮೊದಲು, ವರ್ಲ್ಡ್ ಆಮೇಲೆ. ಇದು ಯಾರದೋ ಅಭ್ಯಾಸದಿಂದ ಬಂದದ್ದಲ್ಲ. ಹೊಸ ಕರ್ನಲ್ಲನ್ನು ಹೊಸ ಕಂಪೈಲರಿನಿಂದ ಕಟ್ಟಬೇಕು, ಆ ಕಂಪೈಲರ್ ತಯಾರಾಗುವುದು ಬಿಲ್ಡ್‌ವರ್ಲ್ಡ್ ಹಂತದಲ್ಲಿ; ಹಾಗಾಗಿ ಅಲ್ಲಿ ವರ್ಲ್ಡ್ ಮುಂದೆ. ಓಡುವಾಗ ಸಂಬಂಧ ತಿರುಗುಮುರುಗಾಗುತ್ತದೆ. ಪ್ರೋಗ್ರಾಮುಗಳು ಸಿಸ್ಟಮ್ ಕಾಲ್ ಮೂಲಕ ಕೇಳುತ್ತವೆ, ಕರ್ನಲ್ ಉತ್ತರ ಕೊಡುತ್ತದೆ. ಹಳೆಯ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ಹೊಸ ಕರ್ನಲ್ ಮರೆತಿರುವುದಿಲ್ಲ. ಹಿಂದಿನ ಹಲವು ಮೇಜರ್ ಆವೃತ್ತಿಗಳಿಗೆ ಕಂಪ್ಯಾಟ್ ಆಯ್ಕೆಗಳು ಅದರ ಕಾನ್ಫಿಗರೇಶನ್ನಿನಲ್ಲಿಯೇ ಇವೆ. ಹಳೆಯ ಕರ್ನಲ್ಲಿಗೆ ಮಾತ್ರ ನಾಳೆಯ ಪ್ರಶ್ನೆ ಅರ್ಥವಾಗುವ ಸಾಧ್ಯತೆಯೇ ಇಲ್ಲ. ಕೇಳಿಸಿಕೊಳ್ಳುವ ಕಡೆಯವನು ಮೊದಲು ಕಲಿಯಬೇಕು, ಕೇಳುವವನು ಆಮೇಲೆ ಹೊಸ ಮಾತಾಡಬೇಕು. ಇಡೀ ಅಪ್‌ಗ್ರೇಡಿನ ತರ್ಕ ಇಷ್ಟೇ, ಮತ್ತು ಇದಕ್ಕಿಂತ ದೊಡ್ಡ ತರ್ಕ ಬೇಕಾಗಿಯೂ ಇಲ್ಲ.

ಇದಕ್ಕೆ ಅತ್ಯುತ್ತಮ ಸಾಕ್ಷಿ 2017ರ ಮೇ ತಿಂಗಳಲ್ಲಿ ಫ್ರೀಬಿಎಸ್‌ಡಿಯ ಕರೆಂಟ್ ಶಾಖೆಗೆ ಸೇರಿದ ಐನೋಡ್ ಬದಲಾವಣೆ. ಫೈಲಿನ ಐನೋಡ್ ಸಂಖ್ಯೆಯನ್ನು 32 ಬಿಟ್‌ಗಳಿಂದ 64ಕ್ಕೆ ಏರಿಸಿದರು. ಸಂಖ್ಯೆ ದೊಡ್ಡದಾದದ್ದಷ್ಟೇ ಅಲ್ಲ, ಸ್ಟಾಟ್ ಮತ್ತು ಡೈರೆಂಟ್ ಎಂಬ ಎರಡು ರಚನೆಗಳ ಆಕಾರವೇ ಬದಲಾಯಿತು. ಎಲ್‌ಎಸ್ ಆದರೂ ಶೆಲ್ ಆದರೂ ಇನ್‌ಸ್ಟಾಲ್ ಆದರೂ ಒಂದು ಫೈಲನ್ನು ಮುಟ್ಟುವ ಮೊದಲು ಈ ಎರಡರ ಮೂಲಕವೇ ಹೋಗಬೇಕು. ಹೊಸ ಸಿ ಲೈಬ್ರರಿ ಹೊಸ ಸಿಸ್ಟಮ್ ಕಾಲ್‌ಗಳನ್ನು ಕರೆಯುತ್ತದೆ. ಹಳೆಯ ಕರ್ನಲ್ ಮೇಲೆ ಆ ಲೈಬ್ರರಿ ಕೂತ ಕ್ಷಣದಿಂದ, ಅಪ್‌ಗ್ರೇಡನ್ನು ಮುಂದುವರಿಸಬೇಕಾದ ಉಪಕರಣಗಳೇ ಕೈಕೊಡುತ್ತವೆ. ಅದಕ್ಕೇ ಸೋರ್ಸ್ ಮರದ ಬುಡದಲ್ಲಿರುವ ಅಪ್‌ಡೇಟಿಂಗ್ ಫೈಲು ಹೊಸ ಕರ್ನಲ್ ಹಾಕಿ, ರೀಬೂಟ್ ಮಾಡಿ, ಆಮೇಲಷ್ಟೇ ವರ್ಲ್ಡ್ ಹಾಕಿ ಎಂದು ಒತ್ತಿ ಹೇಳಿತು. ಇನ್ನೊಂದು ದಿಕ್ಕಿನಲ್ಲಿ ಏನಾಯಿತೆಂದೂ ನೋಡಬೇಕು. 2008ರ ಫ್ರೀಬಿಎಸ್‌ಡಿ 7.0ರಿಂದ ಸಿ ಲೈಬ್ರರಿಯ ಒಳಗಿನ ಒಂದೊಂದು ಫಂಕ್ಷನ್ನಿಗೂ ಆವೃತ್ತಿಯ ಗುರುತು ಅಂಟಿಸುವ ಪದ್ಧತಿ ಇದೆ. ಐನೋಡ್ ಬದಲಾದಾಗ ಹೊಸ ಸ್ಟಾಟ್‌ಗೆ ಹೊಸ ಗುರುತು ಸಿಕ್ಕಿತು, ಹಳೆಯ ಗುರುತಿನ ಹಳೆಯ ಸ್ಟಾಟ್ ಅದೇ ಲೈಬ್ರರಿಯಲ್ಲಿ ಉಳಿಯಿತು. 7ನೆಯ ಆವೃತ್ತಿಯಲ್ಲಿ ಕಂಪೈಲಾದ ಪ್ರೋಗ್ರಾಮು ತನಗೆ ಗೊತ್ತಿರುವ ಆಕಾರವನ್ನೇ ಕೇಳಿ ಪಡೆಯುತ್ತದೆ. ಇಷ್ಟು ದೊಡ್ಡ ಬದಲಾವಣೆಯಲ್ಲೂ ಲೈಬ್ರರಿಯ ಸಂಖ್ಯೆ 7ರಲ್ಲೇ ನಿಂತಿದೆ. ಯಾರ ಕಣ್ಣಿಗೂ ಬೀಳದ ಈ ಕೆಲಸವನ್ನು ನಾನು ಕಳೆದ ಎರಡು ದಶಕಗಳ ಅತ್ಯುತ್ತಮ ಎಂಜಿನಿಯರಿಂಗ್‌ಗಳ ಸಾಲಿನಲ್ಲಿ ಇಡುತ್ತೇನೆ.

ಒಂದು ಆಕ್ಷೇಪಣೆ ನ್ಯಾಯವಾದದ್ದು. ಕೇಳುವ ಎಲ್ಲರೂ ಸಿಸ್ಟಮ್ ಕಾಲ್‌ಗಳ ಹೆಬ್ಬಾಗಿಲಿನಿಂದ ಬರುವುದಿಲ್ಲ. ಫೈರ್‌ವಾಲ್ ನಿಯಮಗಳನ್ನು ತುಂಬುವ ಪಿಎಫ್‌ಸಿಟಿಎಲ್‌ನಂಥ ಉಪಕರಣಗಳು ಕರ್ನಲ್ಲಿನ ಒಳರಚನೆಗಳನ್ನೇ ಹಿಡಿದು ಮಾತಾಡುತ್ತವೆ, ಮೇಜರ್ ಆವೃತ್ತಿ ದಾಟಿದಾಗ ಹೊಸ ಕರ್ನಲ್ ಮತ್ತು ಹಳೆಯ ಪಿಎಫ್‌ಸಿಟಿಎಲ್ ಹೊಂದುತ್ತವೆಂಬ ಖಾತ್ರಿ ಇಲ್ಲ. ಹಾಗಿದ್ದರೆ ಕರ್ನಲ್ ಮೊದಲು ಹಾಕಿ ರೀಬೂಟ್ ಮಾಡಿದವನ ಯಂತ್ರ ಫೈರ್‌ವಾಲ್ ಇಲ್ಲದೆ ಏಳಬಹುದಲ್ಲ? ಏಳಬಹುದು. ಸಿಂಗಲ್ ಯೂಸರ್ ಮೋಡ್ ಇರುವುದೇ ಅದಕ್ಕೆ. ಅಲ್ಲಿ ನೆಟ್‌ವರ್ಕ್ ಎದ್ದಿರುವುದಿಲ್ಲ, ಸೇವೆಗಳು ಓಡುತ್ತಿರುವುದಿಲ್ಲ, ಹೊಂದದ ಜೋಡಿಗಳು ಒಂದನ್ನೊಂದು ಎದುರಿಸುವ ಪ್ರಸಂಗವೇ ಬರುವುದಿಲ್ಲ. ದೂರದ ಸರ್ವರ್‌ಗಳಲ್ಲಿ ಈ ಹಂತವನ್ನು ಹಾರಿಸುವವರು ಬಹಳ ಮಂದಿ. ಒಂದೇ ಸ್ಟೇಬಲ್ ಶಾಖೆಯೊಳಗೆ ಅದು ಸಾಮಾನ್ಯವಾಗಿ ನಡೆದುಹೋಗುತ್ತದೆ, ಏಕೆಂದರೆ ಆ ಶಾಖೆಯುದ್ದಕ್ಕೂ ಈ ಒಳರಚನೆಗಳನ್ನು ಅಲುಗಾಡಿಸದಿರಲು ಪ್ರಯತ್ನಪಡುತ್ತಾರೆ. ಮೇಜರ್ ಆವೃತ್ತಿ ದಾಟುವಾಗ ಆ ರಿಯಾಯಿತಿ ಇಲ್ಲ. ಕರ್ನಲ್ ಮೊದಲು ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ, ಇದನ್ನು ಯಾರೂ ಸಾಕಷ್ಟು ಹೇಳುವುದಿಲ್ಲ. ಹೊಸ ಕರ್ನಲ್ ಹಾಕುವಾಗ ಹಳೆಯದು ಬೂಟ್ ಡೈರೆಕ್ಟರಿಯಲ್ಲೇ ಪಕ್ಕಕ್ಕೆ ಸರಿದು ಉಳಿಯುತ್ತದೆ. ಏಳದಿದ್ದರೆ ಲೋಡರ್ ಮೆನುವಿನಿಂದ ಅದಕ್ಕೇ ಮರಳಬಹುದು. ಇನ್‌ಸ್ಟಾಲ್‌ವರ್ಲ್ಡ್ ಹಳೆಯ ಫೈಲುಗಳ ಮೇಲೆಯೇ ಬರೆಯುತ್ತದೆ, ತಾನು ನಿಂತಿರುವ ನೆಲವನ್ನೇ ಬದಲಾಯಿಸುತ್ತದೆ. ಅದಕ್ಕಾಗಿ ತನಗೆ ಬೇಕಾದ ಸಣ್ಣಪುಟ್ಟ ಉಪಕರಣಗಳನ್ನೂ ಅವುಗಳ ಲೈಬ್ರರಿಗಳನ್ನೂ ಮೊದಲೇ ಒಂದು ತಾತ್ಕಾಲಿಕ ಡೈರೆಕ್ಟರಿಗೆ ನಕಲು ಮಾಡಿಕೊಂಡು ಕೆಲಸ ಶುರುಮಾಡುತ್ತದೆ. ಹಿಂದಿರುಗಬಹುದಾದ ಹೆಜ್ಜೆ ಮೊದಲು, ಹಿಂದಿರುಗಲಾಗದ ಹೆಜ್ಜೆ ಆಮೇಲೆ.

ಬೈನರಿ ಅಪ್‌ಡೇಟ್ ಬಂದ ಮೇಲೆ ಇದೆಲ್ಲ ಏಕೆ ಎನ್ನುವವರು ಕಾಲಿನ್ ಪರ್ಸಿವಲ್ ಬರೆದ ಫ್ರೀಬಿಎಸ್‌ಡಿ-ಅಪ್‌ಡೇಟ್ ಹೇಗೆ ನಡೆಯುತ್ತದೆಂದು ನೋಡಲಿ. ಮೇಜರ್ ಆವೃತ್ತಿ ದಾಟುವಾಗ ಅದರ ಇನ್‌ಸ್ಟಾಲ್ ಆಜ್ಞೆಯನ್ನು ಮೂರು ಸಲ ಕೊಡಬೇಕು. ಮೊದಲ ಸಲ ಕರ್ನಲ್ ಮಾತ್ರ, ಆಮೇಲೆ ರೀಬೂಟ್. ಎರಡನೆಯ ಸಲ ವರ್ಲ್ಡ್. ಪ್ಯಾಕೇಜುಗಳನ್ನೆಲ್ಲ ಹೊಸದಾಗಿ ಹಾಕಿಕೊಂಡ ಮೇಲೆ ಮೂರನೆಯ ಸಲ, ಆಗ ಹಳೆಯ ಲೈಬ್ರರಿಗಳು ಹೋಗುತ್ತವೆ. ಕಂಪೈಲರಿನ ಸುಳಿವೇ ಇಲ್ಲದ ಈ ದಾರಿಯೂ ಅದೇ ಕ್ರಮದಲ್ಲಿ ನಡೆಯುತ್ತದೆ. ಬೇಸ್ ಪ್ಯಾಕೇಜುಗಳ ಕಾಲದಲ್ಲಿ ಒಂದೇ ಆಜ್ಞೆಯಲ್ಲಿ ಎಲ್ಲವೂ ಬದಲಾಗಬಹುದು, ಆದರೆ ಆಗ ಓಡುತ್ತಿರುವುದು ಹಳೆಯ ಕರ್ನಲ್ಲೇ ಎಂಬುದು ಬದಲಾಗುವುದಿಲ್ಲ.

ಕಟ್ಟುವ ಹಂತದ ಕ್ರಮವನ್ನು ಅರ್ಥಮಾಡಿಕೊಳ್ಳಲು ನನ್ನ ಅಚ್ಚುಮೆಚ್ಚಿನ ಬರಹವನ್ನು ಮತ್ತೆ ತೆಗೆಯಬೇಕಾಗುತ್ತದೆ. ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ, 1984ರಲ್ಲಿ ಅಚ್ಚಾದ 'ರಿಫ್ಲೆಕ್ಷನ್ಸ್ ಆನ್ ಟ್ರಸ್ಟಿಂಗ್ ಟ್ರಸ್ಟ್' ಭಾಷಣ. ಲಾಗಿನ್ ಪ್ರೋಗ್ರಾಮಿಗೆ ಕಳ್ಳಬಾಗಿಲು ತೂರಿಸುವ ಕಂಪೈಲರಿನ ಕಥೆಯೆಂದು ಎಲ್ಲರೂ ಅದನ್ನು ನೆನೆಯುತ್ತಾರೆ. ನನಗೆ ಅದರ ನಡುವಿನ ಭಾಗ ಹೆಚ್ಚು ಮುಖ್ಯ. ಸಿ ಕಂಪೈಲರ್ ಸಿ ಭಾಷೆಯಲ್ಲೇ ಬರೆದದ್ದು. ಅದಕ್ಕೆ ವರ್ಟಿಕಲ್ ಟ್ಯಾಬ್ ಎಂಬ ಅಕ್ಷರದ ಹೊಸ ಗುರುತು ಕಲಿಸಬೇಕೆಂದುಕೊಳ್ಳಿ. ಕಂಪೈಲರಿನ ಸೋರ್ಸಿನಲ್ಲಿ ಆ ಗುರುತನ್ನೇ ಬಳಸಿ ಬರೆದರೆ ಈಗಿರುವ ಬೈನರಿ ತಿರಸ್ಕರಿಸುತ್ತದೆ, ಅದಕ್ಕಿನ್ನೂ ಆ ಗುರುತು ಗೊತ್ತಿಲ್ಲ. ಹಾಗಾಗಿ ಮೊದಲ ಸಲ 11 ಎಂಬ ಸಂಖ್ಯೆಯನ್ನೇ ಬರೆಯಬೇಕು, ಕಂಪೈಲ್ ಮಾಡಬೇಕು, ಬಂದ ಬೈನರಿಯನ್ನು ಅಧಿಕೃತವೆಂದು ಹಾಕಿಕೊಳ್ಳಬೇಕು. ಈಗ ಸಂಖ್ಯೆಯನ್ನು ಅಳಿಸಿ ಗುರುತನ್ನೇ ಬರೆಯಬಹುದು, ಸೋರ್ಸ್ ಅಂದವಾಗುತ್ತದೆ. ಆದರೆ 11 ಎಂಬ ತಿಳಿವಳಿಕೆ ಇನ್ನು ಸೋರ್ಸಿನಲ್ಲಿ ಎಲ್ಲೂ ಇಲ್ಲ. ಅದು ಒಂದು ಬೈನರಿಯಿಂದ ಇನ್ನೊಂದಕ್ಕೆ ದಾಟುತ್ತಾ ಬದುಕುತ್ತದೆ. ಹೆಪ್ಪು ಹಾಕಲು ನಿನ್ನೆಯ ಮೊಸರು ಬೇಕು. ಹಾಲು ಎಷ್ಟೇ ಶುದ್ಧವಾಗಿರಲಿ, ಬರೀ ಹಾಲಿನಿಂದ ಮೊಸರಾಗದು.

ಇದು ಕೇವಲ ತತ್ವವಲ್ಲ ಎನ್ನುವುದಕ್ಕೆ ಅಪ್‌ಡೇಟಿಂಗ್ ಫೈಲಿನ 2014ರ ಡಿಸೆಂಬರ್ 31ರ ನಮೂದು ನೋಡಿ. ಕ್ಲ್ಯಾಂಗ್ 3.5 ಬಂದ ದಿನ ಅದು. ಈ ಕಂಪೈಲರನ್ನು ಕಟ್ಟಲು ಸಿ++11 ಗೊತ್ತಿರುವ ಇನ್ನೊಂದು ಕಂಪೈಲರೂ ಹಾಗೆಯೇ ಸಿ++11 ಲೈಬ್ರರಿಯೂ ಮೊದಲೇ ಇರಬೇಕಾಯಿತು. 10ನೆಯ ಆವೃತ್ತಿಯಲ್ಲಿ ಸಾಮಾನ್ಯ ಪಿಸಿಗಳ ಮೇಲೆ ಎರಡೂ ಇದ್ದವು. 9ರಲ್ಲಿ ಕ್ಲ್ಯಾಂಗ್ ಇದ್ದರೂ ಲೈಬ್ರರಿ ತಾನಾಗಿ ಇರಲಿಲ್ಲ, ಮೊದಲು ಅದನ್ನು ಕಟ್ಟಿ ಹಾಕಿಕೊಳ್ಳಬೇಕಿತ್ತು. 8 ಅಥವಾ ಅದಕ್ಕೂ ಹಳೆಯದಾದರೆ ಮೊದಲು 9ಕ್ಕೆ ಬನ್ನಿ, ಆಮೇಲೆ ಮುಂದಿನ ಮಾತು ಎಂದಿತು ಆ ನಮೂದು. ಸೋರ್ಸ್ ಎಲ್ಲರ ಕೈಯಲ್ಲೂ ಒಂದೇ. ಅದನ್ನು ಓದಬಲ್ಲ ಬೈನರಿ ಎಲ್ಲರ ಬಳಿ ಇರಲಿಲ್ಲ. ಆವೃತ್ತಿಗಳನ್ನು ಹಾರಿ ದಾಟಲಾಗದಿರುವುದು ಯಾರ ಹಟವೂ ಅಲ್ಲ.

ಇದೇ ತರ್ಕ ನಮ್ಮ ಪಾಳೆಯದ ಒಂದು ಹಳೆಯ ಹೆಮ್ಮೆಯನ್ನೂ ಮುರಿಯುತ್ತದೆ. ನಾನೇ ಕಂಪೈಲ್ ಮಾಡಿದ್ದು, ಆದ್ದರಿಂದ ನಂಬಬಹುದು ಎನ್ನುವುದನ್ನು ಸೋರ್ಸಿನ ಪರವಾದ ವಾದವೆಂದು ನಾನು ಒಪ್ಪುವುದಿಲ್ಲ. ಥಾಂಪ್ಸನ್ ಅದನ್ನು 1984ರಲ್ಲೇ ಮುಗಿಸಿದರು. 2024ರ ಮಾರ್ಚಿನಲ್ಲಿ ಬೆಳಕಿಗೆ ಬಂದ ಎಕ್ಸ್‌ಜೆಡ್ ಪ್ರಕರಣ ಮತ್ತೊಮ್ಮೆ ಮುಗಿಸಿತು. ಬಿಡುಗಡೆಯ ಟಾರ್‌ಬಾಲ್‌ನಲ್ಲಿದ್ದು ಗಿಟ್ ಭಂಡಾರದಲ್ಲಿ ಇರದ ಒಂದು ಸ್ಕ್ರಿಪ್ಟು, ಕಂಪೈಲ್ ಮಾಡುವ ಹೊತ್ತಿನಲ್ಲೇ ಕಳ್ಳಬಾಗಿಲನ್ನು ಜೋಡಿಸುತ್ತಿತ್ತು. ನಂಬಿಕೆಗೆ ನಿಜವಾದ ಆಧಾರ ಬೇಕಾದರೆ ಒಂದೇ ಸೋರ್ಸಿನಿಂದ ಯಾರು ಎಲ್ಲಿ ಕಟ್ಟಿದರೂ ಬಿಟ್‌ಗೆ ಬಿಟ್ ಹೊಂದುವ ಬೈನರಿ ಬರಬೇಕು. 2017ರಲ್ಲಿ ನೆಟ್‌ಬಿಎಸ್‌ಡಿ ಎರಡು ಪ್ರೊಸೆಸರ್ ವಂಶಗಳಿಗೆ ಅದನ್ನು ಸಾಧಿಸಿತು. ಪ್ರೊಸೆಸರಿಗೆ ತಕ್ಕಂತೆ ಕಂಪೈಲರ್ ಆಯ್ಕೆಗಳನ್ನು ತಿರುಗಿಸಿ ವೇಗ ಹೆಚ್ಚಿಸಿಕೊಳ್ಳುವ ಪಂಥಕ್ಕೆ ನನ್ನಲ್ಲಿ ಒಂದು ವಾಕ್ಯಕ್ಕಿಂತ ಹೆಚ್ಚಿನ ಜಾಗವಿಲ್ಲ: ಬೇಸ್ ಸಿಸ್ಟಮ್ಮಿನ ಬಹುಪಾಲು ಪ್ರೋಗ್ರಾಮುಗಳು ಡಿಸ್ಕಿಗೂ ನೆಟ್‌ವರ್ಕಿಗೂ ಕಾಯುತ್ತವೆ, ಪ್ರೊಸೆಸರಿಗಲ್ಲ.

ಗಂಭೀರವಾದ ಎದುರುಪಕ್ಷ ಓಪನ್‌ಬಿಎಸ್‌ಡಿಯದು. ಆವೃತ್ತಿಯಿಂದ ಆವೃತ್ತಿಗೆ ಸೋರ್ಸ್ ಮೂಲಕ ದಾಟುವುದನ್ನು ಆ ತಂಡ ಬೆಂಬಲಿಸುವುದೇ ಇಲ್ಲ. ಮೊದಲು ಹೊಸ ಬೈನರಿ ಹಾಕಿಕೊಳ್ಳಿ, ಕಟ್ಟುವುದಿದ್ದರೆ ಅದರ ಮೇಲೆ ಕಟ್ಟಿ ಎನ್ನುತ್ತದೆ. ಹಿಂದೆ ಇದನ್ನು ಸೋಮಾರಿತನವೆಂದು ಜರೆದವರಿದ್ದಾರೆ, ಅದು ಅನ್ಯಾಯ. ಒಂದು ಉದಾಹರಣೆ ನೋಡಿ. ಕಾಲವನ್ನು ಎಣಿಸುವ ಟೈಮ್-ಟಿ ಮಾದರಿ 32 ಬಿಟ್‌ನಲ್ಲೇ ಉಳಿದರೆ 2038ರ ಜನವರಿ 19ರಂದು ತುಂಬಿ ಉರುಳುತ್ತದೆ. ಓಪನ್‌ಬಿಎಸ್‌ಡಿ 2014ರ 5.5ರಲ್ಲಿ ಅದನ್ನು ಎಲ್ಲ ಯಂತ್ರಗಳಲ್ಲೂ 64 ಬಿಟ್ ಮಾಡಿತು, ಹಳೆಯ ಸಿಸ್ಟಮ್ ಕಾಲ್‌ಗಳನ್ನು ಬೆನ್ನಿಗೆ ಕಟ್ಟಿಕೊಳ್ಳದೆ. ಅದೇ ಬದಲಾವಣೆಯನ್ನು 2012ರ 6.0ರಲ್ಲಿ ಮಾಡಿದ ನೆಟ್‌ಬಿಎಸ್‌ಡಿ ಹಳೆಯದನ್ನೂ ಉಳಿಸಿಕೊಂಡಿತು. ಅಲ್ಲಿ ಹೊಸ ಕಾಲ್‌ಗಳ ಹೆಸರಿನ ತುದಿಯಲ್ಲಿ 50 ಎಂಬ ಅಂಕಿ ಇಂದಿಗೂ ಇದೆ. ಹಳೆಯ ಮಾತನ್ನು ಉಳಿಸಿಕೊಂಡರೆ ದಾಟಲು ಸೇತುವೆ ಸಿಗುತ್ತದೆ, ಜೊತೆಗೆ ಯಾರೂ ಕಾಯದ ಹಳೆಯ ಬಾಗಿಲುಗಳೂ ಉಳಿಯುತ್ತವೆ. ಕಿತ್ತರೆ ಕರ್ನಲ್ ಚಿಕ್ಕದಾಗುತ್ತದೆ, ಪರಿಶೀಲನೆ ಸುಲಭವಾಗುತ್ತದೆ, ದಾಟಲು ಬೈನರಿ ಮಾತ್ರ ಉಳಿಯುತ್ತದೆ. ಭದ್ರತೆಯನ್ನೇ ಮುಂದಿಟ್ಟುಕೊಂಡ ತಂಡಕ್ಕೆ ಎರಡನೆಯದು ಸಹಜ. ಆದರೆ ಗಮನಿಸಿ, ಕ್ರಮದ ನಿಯಮವನ್ನು ಅವರು ಸುಳ್ಳುಮಾಡಿಲ್ಲ. ಹಳೆಯ ಕರ್ನಲ್ ಮೇಲೆ ಹೊಸ ವರ್ಲ್ಡ್ ಓಡದು, ಹೊಸ ಕರ್ನಲ್ ಮೇಲೆ ಹಳೆಯದೂ ಓಡದು. ಆದ್ದರಿಂದ ಎರಡೂ ಓಡದಿರುವ ಹೊತ್ತಿನಲ್ಲಿ, ಇನ್‌ಸ್ಟಾಲರ್ ಕರ್ನಲ್ಲಿನಲ್ಲಿ ನಿಂತು ಬದಲಾಯಿಸಬೇಕು. 2019ರಲ್ಲಿ 6.6ರೊಂದಿಗೆ ಬಂದ ಸಿಸ್‌ಅಪ್‌ಗ್ರೇಡ್ ಮಾಡುವುದು ಇದನ್ನೇ.

ಕೊನೆಯ ಆಕ್ಷೇಪಣೆ ಜೆಡ್‌ಎಫ್‌ಎಸ್ ಬಳಸುವವರದು. ಬೂಟ್ ಎನ್ವಿರಾನ್‌ಮೆಂಟ್ ಇದೆಯಲ್ಲ, ಹೊಸ ಕರ್ನಲ್ಲನ್ನೂ ವರ್ಲ್ಡನ್ನೂ ಪಕ್ಕದ ಪ್ರತಿಯಲ್ಲಿ ಒಟ್ಟಿಗೇ ಹಾಕಿ, ಒಂದೇ ರೀಬೂಟಿನಲ್ಲಿ ದಾಟಬಹುದು, ಕೆಟ್ಟರೆ ಹಿಂದಕ್ಕೆ ಬರಬಹುದು, ಕ್ರಮದ ಮಾತೇ ಬೇಡ ಎನ್ನುತ್ತಾರೆ. ದಾಟುವ ವಿಧಾನ ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ, ಈ ಪ್ರತಿಗಳನ್ನು ನಿಭಾಯಿಸುವ ಬೆಕ್ಟ್‌ಎಲ್ ಇರುವ ಕಡೆ ನಾನೂ ಇದನ್ನೇ ಶಿಫಾರಸು ಮಾಡುತ್ತೇನೆ. ಆದರೆ ಜೆಡ್‌ಎಫ್‌ಎಸ್ ಪೂಲ್ ಆ ಪ್ರತಿಗಳ ಕೆಳಗಿದೆ, ಅವುಗಳ ಒಳಗಲ್ಲ. ಹೊಸ ಆವೃತ್ತಿಗೆ ಬಂದ ಖುಷಿಯಲ್ಲಿ ಜೆಡ್‌ಪೂಲ್ ಅಪ್‌ಗ್ರೇಡ್ ಕೊಟ್ಟರೆ ಡಿಸ್ಕಿನ ಮೇಲೆ ಹೊಸ ಫೀಚರುಗಳು ಶುರುವಾಗುತ್ತವೆ, ಅದಕ್ಕೆ ಹಿಂದಿರುಗುವ ದಾರಿ ಇಲ್ಲ. ಇಲ್ಲಿ ಕೇಳಿಸಿಕೊಳ್ಳುವ ಕಡೆಯವನು ಬೂಟ್ ಲೋಡರ್. ಇಎಫ್‌ಐ ಪಾರ್ಟಿಷನ್ನಿನಲ್ಲಿರುವ ಅದರ ಪ್ರತಿಯನ್ನು ಇನ್‌ಸ್ಟಾಲ್‌ವರ್ಲ್ಡ್ ಮುಟ್ಟುವುದಿಲ್ಲ. ಹಳೆಯ ಲೋಡರಿಗೆ ಆ ಫೀಚರುಗಳು ಗೊತ್ತಿಲ್ಲದಿದ್ದರೆ ಮುಂದಿನ ರೀಬೂಟಿನಲ್ಲಿ ಅದು ಪೂಲನ್ನೇ ಓದುವುದಿಲ್ಲ, ಮತ್ತು ಹಿಂದಿರುಗಲೆಂದು ಇಟ್ಟುಕೊಂಡ ಪ್ರತಿಗಳೆಲ್ಲ ಅದೇ ಪೂಲಿನಲ್ಲಿವೆ. ಆದ್ದರಿಂದ ಇಎಫ್‌ಐ ಪಾರ್ಟಿಷನ್ನನ್ನು ಮೌಂಟ್ ಮಾಡಿ, ಹೊಸ ಲೋಡರನ್ನು ಕೈಯಾರೆ ನಕಲು ಮಾಡಿ, ಕನ್ನಡಿ ಡಿಸ್ಕಿದ್ದರೆ ಎರಡನೆಯದಕ್ಕೂ ಮಾಡಿ, ಒಮ್ಮೆ ರೀಬೂಟ್ ಮಾಡಿ ನೋಡಿ. ಹಳೆಯ ಎನ್ವಿರಾನ್‌ಮೆಂಟಿನ ಅಗತ್ಯ ಇನ್ನಿಲ್ಲ ಎಂದು ಖಚಿತವಾದ ಮೇಲೆ ಪೂಲನ್ನು ಮುಟ್ಟಿ.