ಹೆಸರುಳ್ಳ ಖಡ್ಗಗಳು

ಆಯುಧಕ್ಕೆ ಹೆಸರಿಡುವುದರಲ್ಲಿ ನಮಗೆ ಸೋಜಿಗವೇನೂ ಇಲ್ಲ. ಅರ್ಜುನನ ಬಿಲ್ಲು ಗಾಂಡೀವ, ವಿಷ್ಣುವಿನ ಖಡ್ಗ ನಂದಕ, ರಾವಣನದು ಚಂದ್ರಹಾಸ. ಆಯುಧಪೂಜೆಯ ದಿನ ಕುಡುಗೋಲಿಗೂ ಕುಂಕುಮವಿಡುವ ಜನ ನಾವು. ಪಶ್ಚಿಮ ದೇಶಗಳ ಅದ್ಭುತ ಕಥಾಸಾಹಿತ್ಯದಲ್ಲಿಯೂ ಇಂಥ ಹೆಸರುಳ್ಳ ಖಡ್ಗಗಳು ಹೇರಳವಾಗಿವೆ. ಆದರೆ ಖಡ್ಗಕ್ಕೆ ಹೆಸರು ಬಂದೊಡನೆ ಅದು ಬರಿಯ ಉಕ್ಕಾಗಿ ಉಳಿಯುವುದಿಲ್ಲ, ಕಥೆಯ ಒಂದು ಪಾತ್ರವಾಗುತ್ತದೆ. ಪಾತ್ರವೆಂದ ಮೇಲೆ ಅದಕ್ಕೊಂದು ಇಚ್ಛೆ, ಒಂದು ಸ್ವಭಾವ. ಹಾಗಾದರೆ ಅದು ಕೊಂದಾಗ ಕೊಂದವರು ಯಾರು? ಕೈಯೋ, ಕತ್ತಿಯೋ? ಈ ಬಗೆಯ ಕೃತಿಗಳ ಬೆಲೆಯನ್ನು ಅವು ಈ ಪ್ರಶ್ನೆಯನ್ನು ಹೇಗೆ ಎದುರಿಸುತ್ತವೆ ಎಂಬುದರಿಂದಲೇ ಅಳೆಯಬಹುದೆಂದು ನನ್ನ ಎಣಿಕೆ.

ಸಾಮಾನ್ಯ ಕಥೆಗಾರರು ಈ ಪ್ರಶ್ನೆಯ ಹತ್ತಿರಕ್ಕೇ ಸುಳಿಯುವುದಿಲ್ಲ. ಅವರಲ್ಲಿ ನಾಯಕನಿಗೆ ಖಡ್ಗ ದೊರೆಯುತ್ತದೆ, ಶತ್ರು ಸಾಯುತ್ತಾನೆ, ಅಲ್ಲಿಗೆ ಮಂಗಳ. ಹಳೆಯ ಕವಿಗಳು ಇದಕ್ಕಿಂತ ಜಾಣರು. ಇಂಗ್ಲಿಷಿನ ಪ್ರಾಚೀನ ಕಾವ್ಯ ‘ಬೇವುಲ್ಫ್’ನಲ್ಲಿ ವೀರನಿಗೆ ಎರವಲಾಗಿ ಬಂದ ಹ್ರಂಟಿಂಗ್ ಎಂಬ ಹೆಸರಾಂತ ಕತ್ತಿ ಗ್ರೆಂಡೆಲನ ತಾಯಿಯ ಮೈಯನ್ನು ಕಚ್ಚುವುದೇ ಇಲ್ಲ. ಅವಳನ್ನು ಕೊಲ್ಲುವುದು ನೀರಿನಡಿಯ ಆ ಮನೆಯಲ್ಲೇ ಸಿಕ್ಕ, ಹೆಸರಿಲ್ಲದ ಒಂದು ದೈತ್ಯಖಡ್ಗ. ಮುಪ್ಪಿನಲ್ಲಿ ಘಟಸರ್ಪದೊಡನೆ ಹೋರಾಡುವಾಗ ಅವನ ನೇಗ್ಲಿಂಗ್ ಮುರಿದುಹೋಗುತ್ತದೆ; ಅವನ ತೋಳಿನ ಬಲವನ್ನೇ ಅದು ತಾಳಲಾರದು. ಹೆಸರು ಗೆಲುವಿನ ಭರವಸೆಯೇನಲ್ಲವೆಂಬುದು ಆ ಕವಿಗೆ ತಿಳಿದಿತ್ತು.

ಆ ಕಾವ್ಯವನ್ನು ಆಕ್ಸ್‌ಫರ್ಡಿನಲ್ಲಿ ಪಾಠ ಹೇಳಿದ ಜೆ. ಆರ್. ಆರ್. ಟೋಲ್ಕೀನರ ಕೃತಿಗಳಲ್ಲಿ ಇದೇ ವಿವೇಕ ಮುಂದುವರಿದಿದೆ. 1937ರ ‘ದಿ ಹಾಬಿಟ್’ನಲ್ಲಿ ಗಿಡ್ಡ ಬಿಲ್ಬೋ ತನ್ನ ಸಣ್ಣ ಕತ್ತಿಗೆ ‘ಸ್ಟಿಂಗ್’, ಎಂದರೆ ಕುಟುಕು, ಎಂದು ಹೆಸರಿಡುವುದು ಕತ್ತಲಲ್ಲಿ ಒಬ್ಬಂಟಿಯಾಗಿ ಒಂದು ಹೆಜ್ಜೇಡನನ್ನು ಕೊಂದ ಮೇಲೆ. ಕೆಲಸ ಮೊದಲು, ಹೆಸರು ಆಮೇಲೆ. ಆದರೆ ಟೋಲ್ಕೀನರು ಈ ವಿಷಯದಲ್ಲಿ ಮುಟ್ಟಿದ ಆಳವನ್ನು ಕಾಣಬೇಕಾದರೆ ಟೂರಿನ್ನನ ಕಥೆಯನ್ನು ಓದಬೇಕು. ಲೇಖಕರ ಮರಣಾನಂತರ ಇದು 1977ರ ‘ದಿ ಸಿಲ್ಮರಿಲಿಯನ್’ನಲ್ಲಿ ಸಂಕ್ಷೇಪವಾಗಿಯೂ 2007ರ ‘ದಿ ಚಿಲ್ಡ್ರನ್ ಆಫ್ ಹೂರಿನ್’ನಲ್ಲಿ ವಿಸ್ತಾರವಾಗಿಯೂ ಅಚ್ಚಾಯಿತು.

ಆಕಾಶದಿಂದ ಬಿದ್ದ ಲೋಹದಿಂದ ಕಾಯಿಸಿ ಬಡಿದ ಖಡ್ಗ ಅದು. ಮೊದಲ ಹೆಸರು ಆಂಗ್ಲಖೆಲ್. ಕಮ್ಮಾರನ ಕೇಡುಮನಸ್ಸು ಅದರೊಳಗೆ ಉಳಿದಿದೆಯೆಂದು ರಾಣಿ ಮೆಲಿಯನ್ ಎಚ್ಚರಿಸಿದರೂ ಬೆಲೆಗ್ ಅದನ್ನೇ ಆರಿಸಿಕೊಳ್ಳುತ್ತಾನೆ. ಸೆರೆಸಿಕ್ಕ ಗೆಳೆಯ ಟೂರಿನ್ನನನ್ನು ಬಿಡಿಸಿ, ಇರುಳಲ್ಲಿ ಅವನ ಕಟ್ಟುಗಳನ್ನು ಅದರಿಂದಲೇ ಕೊಯ್ಯುವಾಗ ಮೊನೆ ಜಾರಿ ಟೂರಿನ್ನನ ಕಾಲಿಗೆ ಚುಚ್ಚುತ್ತದೆ. ಶತ್ರುವೇ ಬಂದನೆಂದು ಬಗೆದು ಎದ್ದ ಟೂರಿನ್ ಖಡ್ಗವನ್ನು ಕಿತ್ತುಕೊಂಡು ಬೆಲೆಗನನ್ನು ಕೊಂದುಬಿಡುತ್ತಾನೆ. ಮಿಂಚು ಹೊಳೆದಾಗ ಕಾಣುವುದು ಗೆಳೆಯನ ಮುಖ! ಅಂದಿನಿಂದ ಖಡ್ಗದ ಅಲಗು ಮಂಕಾಗುತ್ತದೆ. ತನ್ನ ಒಡೆಯನಿಗಾಗಿ ಅದು ಶೋಕಿಸುತ್ತಿದೆಯೆಂದು ಜೊತೆಗಾರನೊಬ್ಬ ಹೇಳುತ್ತಾನೆ. ಟೂರಿನ್ ಅದನ್ನು ಮತ್ತೆ ಸಾಣೆಗೊಡಿಸಿ ಗುರ್ಥಾಂಗ್, ಮರಣದ ಉಕ್ಕು, ಎಂದು ಹೊಸ ಹೆಸರಿಟ್ಟುಕೊಂಡು ಕೀರ್ತಿವಂತನಾಗುತ್ತಾನೆ. ಕೊನೆಗೆ ಎಲ್ಲವನ್ನೂ ಕಳೆದುಕೊಂಡು, ನನ್ನ ನೆತ್ತರನ್ನು ಕುಡಿಯುವೆಯಾ ಎಂದು ಅದನ್ನೇ ಕೇಳುತ್ತಾನೆ. ಖಡ್ಗ ಒಪ್ಪುತ್ತದೆ, ತಾನು ಅನ್ಯಾಯವಾಗಿ ಕುಡಿದ ಬೆಲೆಗನ ನೆತ್ತರನ್ನೂ ಬ್ರಾಂಡಿರನ ನೆತ್ತರನ್ನೂ ಮರೆಯುವುದಕ್ಕೋಸ್ಕರ ಒಪ್ಪುತ್ತದೆ.

ಈ ಪ್ರಸಂಗದ ಮೂಲ ಫಿನ್‌ಲೆಂಡಿನ ‘ಕಲೇವಲ’ದಲ್ಲಿದೆ. ಲೊನ್ರೊಟ್ 1849ರಲ್ಲಿ ವಿಸ್ತರಿಸಿ ಪ್ರಕಟಿಸಿದ ಆ ಕಾವ್ಯದಲ್ಲಿ ಕುಲ್ಲೆರ್ವೊ ಹೀಗೆಯೇ ತನ್ನ ಕತ್ತಿಯನ್ನು ಕೇಳುತ್ತಾನೆ. ನಿರಪರಾಧಿಗಳನ್ನೇ ತಿಂದ ನನಗೆ ಅಪರಾಧಿಯ ಮಾಂಸ ಬೇಡವೆ ಎನ್ನುವ ಧಾಟಿಯಲ್ಲಿ ಆ ಕತ್ತಿ ಉತ್ತರ ಕೊಡುತ್ತದೆ. ಅಲ್ಲಿರುವುದು ಹಸಿವು. ಟೋಲ್ಕೀನರ ಖಡ್ಗದಲ್ಲಿರುವುದು ನೆನಪು. ಕೀರ್ತಿಯ ಗದ್ದಲದಲ್ಲಿ ಒಡೆಯನು ಬದಿಗೊತ್ತಿದ ಹೆಸರುಗಳನ್ನು ಕೆಡುಕಿನ ಖಡ್ಗವೇ ಕಾಪಿಟ್ಟುಕೊಂಡು ಬಂದಿದೆ. ಇಲ್ಲಿ ಕತ್ತಿ ಕೈಯ ಪಾಪವನ್ನು ಹೊರಲು ಬಂದ ಕೂಲಿಯಾಳಾಗಿಲ್ಲ, ಸಾಕ್ಷಿಯಾಗಿ ನಿಂತಿದೆ.

ಮೈಕಲ್ ಮೂರ್ಕಾಕರ ಎಲ್ರಿಕ್ ಕಥೆಗಳದು ಬೇರೆಯ ದಾರಿ. 1961ರಲ್ಲಿ ಮೊದಲು ಕಾಣಿಸಿಕೊಂಡ ಈ ಬಿಳಿಚಿದ, ರೋಗಿಷ್ಠ ಅರಸನಿಗೆ ಬಲ ಬರುವುದು ಸ್ಟಾರ್ಮ್‌ಬ್ರಿಂಗರ್ ಎಂಬ ಕರಿಯ ಖಡ್ಗದಿಂದ. ಅದು ಕೊಂದವರ ಆತ್ಮವನ್ನು ಹೀರಿ ಅವನಿಗೆ ಉಣಿಸುತ್ತದೆ. ಅವನು ಪ್ರೀತಿಸಿದ ಸಿಮೊರಿಲ್ ಅದಕ್ಕೆ ಬಲಿ. ಕಡೆಗೆ ಆಪ್ತನಾದ ಮೂನ್‌ಗ್ಲಮ್, ಆಮೇಲೆ ಎಲ್ರಿಕ್ ತಾನೇ. ಅವನು ಖಡ್ಗವನ್ನು ದ್ವೇಷಿಸುತ್ತಾನೆ, ಬಿಸಾಡುತ್ತಾನೆ, ಮತ್ತೆ ಅದರತ್ತಲೇ ಕೈ ಚಾಚುತ್ತಾನೆ. ಹೆಂಡದ ಚಟ ಹತ್ತಿದವನ ಪಾಡನ್ನು ಅದ್ಭುತಕಥೆಯ ವೇಷದಲ್ಲಿ ಇಷ್ಟು ನಿಷ್ಠುರವಾಗಿ ಚಿತ್ರಿಸಿದವರು ವಿರಳ. ಆದರೂ ನನಗೊಂದು ಆಕ್ಷೇಪವಿದೆ. ಇಲ್ಲಿ ಖಡ್ಗದ ಇಚ್ಛೆ ಎಷ್ಟು ಪ್ರಬಲವಾಗುತ್ತದೆಂದರೆ ಎಲ್ರಿಕ್ ಮಾಡಿದ್ದೆಲ್ಲ ಅವನಿಗೆ ಆದದ್ದು ಎಂಬಂತೆ ಕಾಣತೊಡಗುತ್ತದೆ. ಓದುಗ ಅವನಿಗಾಗಿ ಮರುಗುತ್ತಾನೆಯೇ ಹೊರತು ಅವನಿಂದ ಲೆಕ್ಕ ಕೇಳುವುದಿಲ್ಲ. ಕೊಲೆಯಾದವರು ಕಥೆಯಿಂದ ಜಾರಿಹೋಗುತ್ತಾರೆ. ಅವರನ್ನು ನೆನೆಯಲು ಖಡ್ಗಕ್ಕೆ ಪುರುಸೊತ್ತಿಲ್ಲ, ಅದಕ್ಕೆ ಮುಂದಿನ ತುತ್ತಿನ ಚಿಂತೆ.

ಕನ್ನಡದ ಓದುಗರಿಗೆ ಇಲ್ಲಿ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ನೆನಪಾಗದಿರದು. ಜೈನ ಪರಂಪರೆಯ ಆ ರಾಮಕಥೆಯಲ್ಲಿ ಸೂರ್ಯಹಾಸವೆಂಬ ಖಡ್ಗವಿದೆ. ಚಂದ್ರನಖಿಯ ಮಗ ಶಂಬೂಕ ಅದನ್ನು ಪಡೆಯಲು ಬಿದಿರಮೆಳೆಯೊಳಗೆ ತಪಸ್ಸಿಗೆ ಕುಳಿತಿದ್ದಾನೆ. (ಉತ್ತರಕಾಂಡದ ಶಂಬೂಕ ಬೇರೆ, ಇವನು ಬೇರೆ.) ತಪಸ್ಸು ಫಲಿಸಿ ಖಡ್ಗ ಮೈದೋರುವ ಹೊತ್ತಿಗೆ ಆ ದಾರಿಯಲ್ಲಿ ಬಂದ ಲಕ್ಷ್ಮಣ ಅದನ್ನು ಕೈಗೆತ್ತಿಕೊಳ್ಳುತ್ತಾನೆ, ಹರಿತ ನೋಡಲೆಂದು ಮೆಳೆಗೆ ಬೀಸುತ್ತಾನೆ. ಬಿದಿರಿನೊಡನೆ ಒಳಗಿದ್ದವನ ತಲೆಯೂ ಉರುಳುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಸಂಕಟದಿಂದ ಮುಂದಿನ ಯುದ್ಧ, ಸೀತಾಪಹರಣ ಎಲ್ಲವೂ ಹೊರಡುತ್ತವೆ.

ಈ ಖಡ್ಗ ಮಾತಾಡುವುದಿಲ್ಲ. ಅದರಲ್ಲಿ ಕಮ್ಮಾರನ ಕೇಡಿಲ್ಲ, ಆತ್ಮದ ಹಸಿವಿಲ್ಲ. ಹಿಡಿದ ಕೈಯಲ್ಲಿ ದ್ವೇಷವೂ ಇಲ್ಲ. ಇದ್ದದ್ದು ಒಂದು ಕ್ಷಣದ ಕುತೂಹಲ. ಆದರೂ ತಲೆ ಬಿದ್ದಿತು. ಕತ್ತಿಯ ಮೇಲೆ ಹೊರೆ ಹೊರಿಸುವ ಅವಕಾಶವನ್ನೇ ಈ ಕಥೆ ಕೊಡುವುದಿಲ್ಲ. ಹಿಂಸೆಯ ಫಲ ಮಾಡಿದವನನ್ನು ಬಿಡದೆಂದು ನಂಬಿದ ಪರಂಪರೆ ಇದು. ರಾವಣನನ್ನು ಕೊಂದ ವಾಸುದೇವನೆಂಬ ಹಿರಿಮೆಯಿದ್ದೂ ಲಕ್ಷ್ಮಣನಿಗೆ ನರಕವನ್ನು ವಿಧಿಸಿದ ನಿಷ್ಠುರತೆ ಅದರದು.

ಯಂತ್ರವೇ ಗುರಿಯನ್ನು ಆರಿಸುವ ಆಯುಧಗಳ ಬಗ್ಗೆ ಸರಕಾರಗಳು ಚರ್ಚಿಸುತ್ತಿರುವ ಕಾಲದಲ್ಲಿ, ಕೊಂದವರು ಯಾರು ಎಂಬ ಪ್ರಶ್ನೆ ಬರಿಯ ಕಥೆಯ ಪ್ರಶ್ನೆಯಾಗಿ ಉಳಿದಿಲ್ಲ. ಅದ್ಭುತಕಥೆಗಳನ್ನು ಎಳೆಯರ ಓದೆಂದು ಬದಿಗಿಡುವ ನಮ್ಮ ವಿದ್ವಾಂಸರು ಟೂರಿನ್ನನ ಕಥೆಯನ್ನೂ ನಾಗಚಂದ್ರನ ಈ ಪ್ರಸಂಗವನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕೆಂಬುದು ನನ್ನ ಬಿನ್ನಹ. ಒಂದರಲ್ಲಿ ಖಡ್ಗ ಮಾತಾಡುತ್ತದೆ, ಇನ್ನೊಂದರಲ್ಲಿ ಸುಮ್ಮನಿರುತ್ತದೆ. ಎರಡೂ ಉತ್ತರವನ್ನು ಕೇಳುವುದು ಹಿಡಿದವನನ್ನೇ.