ಗಂಟಿಲ್ಲದ ಬೇರು

ಗಿರಿನಗರದ ತಾರಸಿಗಳಲ್ಲಿ ಟೊಮೇಟೊ ಬೆಳೆಸುವವರ ಕಣ್ಣೆಲ್ಲ ಎಲೆ, ಹಣ್ಣಿನ ಮೇಲೆ. ನನಗೋ ಬೇರು ನೋಡುವ ಚಪಲ. ಸೊರಗಿದ ಗಿಡ ಕಿತ್ತು ಮಣ್ಣು ತೊಳೆದರೆ ಕೆಲವೊಮ್ಮೆ ಬೇರಿನುದ್ದಕ್ಕೂ ಸಾಸಿವೆಯಿಂದ ಕಡಲೆಕಾಳಿನಷ್ಟು ದಪ್ಪದ ಗಂಟುಗಳು. ಇದು ಬೇರುಗಂಟು ಜಂತುಹುಳುವಿನ ಕೆಲಸ; ಬೇರಿಗೆ ನುಗ್ಗುವ ಮರಿಯ ಉದ್ದ ಅರ್ಧ ಮಿಲಿಮೀಟರೂ ಇಲ್ಲ.

ಇದಕ್ಕೆ ಜಗ್ಗದ ತಳಿಗಳೂ ಇವೆ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್ 'ಅರ್ಕಾ ವರದಾನ್' ಅಂಥದ್ದೊಂದು. ಜಗತ್ತಿನಾದ್ಯಂತ ತಳಿಗಾರರು ಹೆಚ್ಚಾಗಿ ನೆಚ್ಚಿಕೊಂಡಿರುವುದು 'ಎಂಐ' ಎಂಬ ವಂಶವಾಹಿಯನ್ನು. ಅದು ಬಂದದ್ದು ದಕ್ಷಿಣ ಅಮೆರಿಕದ ಕಾಡು ಟೊಮೇಟೊದಿಂದ. ಅದಕ್ಕೂ ಊರ ಟೊಮೇಟೊಗೂ ಸಂಕರ ಮಾಡಿದರೆ ಬೀಜ ಬಲಿಯುವುದೇ ಕಷ್ಟ. 1944ರ ಹೊತ್ತಿಗೆ ಅಮೆರಿಕದ ಪಿ. ಜಿ. ಸ್ಮಿತ್ ಎಳೆಯ ಭ್ರೂಣವನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ಸಾಕಿ ಗಿಡವಾಗಿಸಿದರು. ಎಂಥ ತಾಳ್ಮೆ!

ಈ ವಂಶವಾಹಿ ಇರುವ ಗಿಡದ ವರಸೆಯೇ ಬೇರೆ. ಹುಳು ಒಳಬರುವುದನ್ನು ಅದು ತಡೆಯುವುದಿಲ್ಲ. ಬಂದದ್ದು ಬಾಯಿ ಹಾಕಿದೊಡನೆ ಸುತ್ತಲಿನ ಕೋಶಗಳು ತಾವಾಗಿ ಸಾಯುತ್ತವೆ, ಉಣ್ಣಲು ಕೂತವನೆದುರು ಒಲೆ ಆರಿಸಿದ ಹಾಗೆ. ಹುಳುವಿಗೆ ಉಪವಾಸ, ಬೇರಿಗೆ ಗಂಟಿಲ್ಲ. ಇದೇ ವಂಶವಾಹಿ ಕೆಲವು ಗಿಡಹೇನುಗಳನ್ನೂ ಬಿಳಿನೊಣವನ್ನೂ ಕಾಡುತ್ತದೆಂಬುದು ಬೋನಸ್ಸು.

ಒಂದು ಕೊರತೆ: ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಈ ಶಕ್ತಿ ಕುಂದುತ್ತದೆ. ಏಪ್ರಿಲ್ ಬಿಸಿಲಿನ ತಾರಸಿಯಲ್ಲಿ ಕಪ್ಪು ಗ್ರೋ ಬ್ಯಾಗು ಅಷ್ಟು ಕಾಯುವುದು ಸುಲಭ. ಹಾಗಾಗಿ ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಹೊದಿಸಿ, ಚೀಲವನ್ನು ಪ್ಯಾರಪೆಟ್ಟಿನ ನೆರಳಿಗೆ ಸರಿಸಿಡುವುದು ಮೇಲು.