‘ಖರೆ’, ‘ವೆರಿ’ ಮತ್ತು ‘ವೇರುಮ್’: ಒಂದು ವ್ಯುತ್ಪತ್ತಿವಿಮರ್ಶೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ಭಾಗದ ಕನ್ನಡದಲ್ಲಿ ಬಳಕೆಯಲ್ಲಿರುವ ‘ಖರೆ’ ಎಂಬ ಕ್ರಿಯಾವಿಶೇಷಣವನ್ನು ಉರ್ದುವಿನ ಪ್ರಭಾವವೆಂದು ವರ್ಗೀಕರಿಸುವ ವಾಡಿಕೆಯುಂಟು. ಈ ಪ್ರದೇಶವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದು ಅದಕ್ಕೆ ಕೊಡಲಾಗುವ ಸಮರ್ಥನೆ. ಆಡಳಿತದ ಚರಿತ್ರೆಯೊಂದೇ ಶಬ್ದದ ಚರಿತ್ರೆಗೆ ಸಾಕ್ಷ್ಯವಾಗಲಾರದು. ರೂಪ ಮತ್ತು ಪ್ರಯೋಗಗಳನ್ನು ಮೊದಲು ಪರಿಶೀಲಿಸಬೇಕೆಂಬುದು ನಮ್ಮ ವಾದ.

‘ಖರೇನ ಬಂದಾನ’ ಎಂಬಲ್ಲಿ ಈ ಶಬ್ದಕ್ಕೆ ‘ನಿಜವಾಗಿಯೂ’ ಎಂಬ ಅರ್ಥವಿದೆ. ‘ಅಂವ ಬಂದಾನ ಖರೆ, ಮಾತಾಡಿಲ್ಲ’ ಎಂಬಲ್ಲಿ ಅದು ಹಿಂದಿನ ವಾಕ್ಯವನ್ನು ಒಪ್ಪಿಕೊಂಡು ಮುಂದಿನ ವಿರೋಧಕ್ಕೆ ಎಡೆಮಾಡುತ್ತದೆ. ನಿರ್ಣಾಯಕವಾದದ್ದು ಈ ಎರಡನೆಯ ಪ್ರಯೋಗ. ಇದೇ ಸ್ಥಾನದಲ್ಲಿ ಉರ್ದು ‘ತೋ ಸಹೀ’ ಎನ್ನುತ್ತದೆ. ಮರಾಠಿ ‘ತೋ ಆಲಾ ಖರಾ, ಪಣ’ ಎನ್ನುತ್ತದೆ. ಮರಾಠಿಯಲ್ಲಿ ‘ಖರಾ, ಖರೀ, ಖರೇ’ ಎಂದು ಲಿಂಗಾನುಸಾರ ರೂಪ ಬದಲಾಗುತ್ತದೆ. ಕನ್ನಡದಲ್ಲಿ ‘ಅಕಿ ಬಂದಾಳ ಖರೆ’, ‘ಅವ್ರು ಬಂದಾರ ಖರೆ’ ಎಂದು ಒಂದೇ ರೂಪ. ಮರಾಠಿಯ ನಪುಂಸಕ ರೂಪವೇ ಇಲ್ಲಿ ಅವ್ಯಯವಾಗಿ ನೆಲೆಗೊಂಡಿದೆ ಎಂದು ನಾವು ಭಾವಿಸುತ್ತೇವೆ. ಉರ್ದುವಿನಲ್ಲಿ ನಪುಂಸಕಲಿಂಗವಿಲ್ಲ, ಅಲ್ಲಿನ ‘ಖರೇ’ ಪುಲ್ಲಿಂಗ ಬಹುವಚನದ ಅಥವಾ ವಿಭಕ್ತಿಪೂರ್ವದ ರೂಪ. ಅದರಿಂದ ಈ ವಾಕ್ಯರಚನೆಯನ್ನು ವಿವರಿಸಲಾಗದು.

ಅರ್ಥವಿಕಾಸದ ಚರ್ಚೆಯಲ್ಲಿ ‘ಖರೆ’ಯನ್ನು ಇಂಗ್ಲಿಷಿನ ‘ವೆರಿ’ಯೊಂದಿಗೆ ಹೋಲಿಸುವುದು ಸುಲಭ. ಲ್ಯಾಟಿನ್ನಿನ ‘ವೇರುಸ್’, ಅಂದರೆ ‘ನಿಜವಾದ’, ಎಂಬುದರಿಂದ ಹಳೆಯ ಫ್ರೆಂಚಿನ ಮೂಲಕ ಬಂದ ‘ವೆರಿ’ ಮೊದಲು ‘ನಿಜವಾದ’ ಎಂಬ ಗುಣವಾಚಕವಾಗಿತ್ತು. ಬಳಿಕ ಸತ್ಯದ ಅರ್ಥವನ್ನು ಬಹುಮಟ್ಟಿಗೆ ಕಳೆದುಕೊಂಡು ಪ್ರಮಾಣವಾಚಿಯಾಯಿತು. ‘ಖರೆ’ ಆ ದಾರಿ ಹಿಡಿದಿಲ್ಲ. ಅದಕ್ಕೆ ಸಮೀಪವಾದದ್ದು ಅದೇ ಲ್ಯಾಟಿನ್ ಶಬ್ದದ ನಪುಂಸಕ ರೂಪ ‘ವೇರುಮ್’: ‘ನಿಜವಾಗಿ’ ಎಂಬ ಅರ್ಥದಿಂದ ಅದು ‘ಆದರೆ’ ಎಂಬ ಅರ್ಥಕ್ಕೆ ಸರಿಯಿತು. ಸತ್ಯವನ್ನು ಒಪ್ಪಿಕೊಳ್ಳುವ ಮಾತು ವಿರೋಧಕ್ಕೆ ಪೀಠಿಕೆಯಾಗುವುದು ಎರಡೂ ಕಡೆ ಸಮಾನ. ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು: ‘ವೇರುಮ್’ ವಿರೋಧದ ವಾಕ್ಯವನ್ನೇ ಆರಂಭಿಸುತ್ತದೆ, ‘ಖರೆ’ ಒಪ್ಪಿಗೆಯ ವಾಕ್ಯವನ್ನು ಮುಗಿಸುತ್ತದೆ.

‘ಬರೋಬರ’ದ ವಿಷಯವೂ ಪರಿಶೀಲನಾರ್ಹ. ಮೂಲ ಪಾರಸಿಯಾದರೂ ‘ಓ’ಕಾರವಿರುವ ರೂಪ ಮರಾಠಿಯದು, ಉರ್ದುವಿನದು ‘ಬರಾಬರ್’. ಎರಡೂ ಭಾಷೆಗಳಲ್ಲಿ ದೊರೆಯುವ ‘ಜಲ್ದಿ’ಯಂಥ ಶಬ್ದಗಳಲ್ಲಿ ಮಾತ್ರ, ರೂಪದ ಆಧಾರದಿಂದ, ತೀರ್ಪು ಕೊಡಲಾಗದು.

ಮೂಲಭಾಷೆ ಮತ್ತು ನೇರ ಆಕರಭಾಷೆಗಳನ್ನು ಬೇರ್ಪಡಿಸದ ಶಬ್ದಸೂಚಿಯು ಗಡಿಯ ಮರಾಠಿ–ಕನ್ನಡ ಸಂಪರ್ಕವನ್ನು ಅಳಿಸಿ, ಆಳುವವರ ಭಾಷೆಯನ್ನಷ್ಟೇ ಉಳಿಸುತ್ತದೆ. ನಾವೂ ತರಗತಿಗಳಲ್ಲಿ ‘ಖರೆ’ಯನ್ನು ಉರ್ದುವಿನ ಪಟ್ಟಿಯಲ್ಲೇ ಬರೆಸಿದ್ದೇವೆ. ಆ ಪಟ್ಟಿಯನ್ನು ಈಗ ತಿದ್ದಬೇಕಾಗಿದೆ.